ಆಟದ ಪೆಟ್ಟಿಗೆಯೂ ಗಣಕಯಂತ್ರವೂ

ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಹೈಸ್ಕೂಲಿನ ಜಗಲಿಯ ಮೇಲೆ ಹುಡುಗರು ಕೂಡಿದಾಗ ಕೆಲವು ಕಾಲದಿಂದ ಒಂದು ವಾದವು ನಡೆಯುತ್ತ ಬಂದಿದೆ. ವಿಡಿಯೊ ಆಟಗಳನ್ನು ಆಡುವುದಕ್ಕೆ ಟೆಲಿವಿಷನ್ನಿಗೆ ಜೋಡಿಸುವ ಕನ್ಸೋಲ್ ಎಂಬ ಪೆಟ್ಟಿಗೆಯು ಮೇಲೋ, ಕಂಪ್ಯೂಟರು ಮೇಲೋ ಎಂಬುದೇ ಆ ವಾದ. ಇದು ಮಕ್ಕಳ ಜಗಳವಾಗಿಯೇ ಉಳಿದಿದ್ದರೆ ಈ ಸಂಚಿಕೆಯ ಪುಟಗಳನ್ನು ಅದಕ್ಕಾಗಿ ವ್ಯಯಿಸಬೇಕಾಗಿರಲಿಲ್ಲ. ಆದರೆ ರಕ್ಷಕರೂ ಈಗ ಇದನ್ನೇ ಕೇಳತೊಡಗಿದ್ದಾರೆ. “ಮಾಷ್ಟ್ರೇ, ದುಬಾಯಿಯಲ್ಲಿರುವ ಭಾವನವರು ರಜೆಯಲ್ಲಿ ಬರುವಾಗ ಮಗನಿಗೆ ಪ್ಲೇಸ್ಟೇಷನ್ ತರುತ್ತೇನೆಂದು ಹೇಳಿದ್ದಾರೆ. ಆ ಹಣಕ್ಕೆ ಒಂದು ಕಂಪ್ಯೂಟರನ್ನೇ ತರಬಹುದಲ್ಲವೇ? ಹುಡುಗನೋ, ಇದೇ ಬೇಕು, ಅದು ಬೇಡ ಎನ್ನುತ್ತಾನೆ” ಎಂದು ಒಬ್ಬರು ತಾಯಿ ಅಧ್ಯಾಪಕ-ರಕ್ಷಕ ಸಂಘದ ಸಭೆ ಮುಗಿದ ಮೇಲೆ ನನ್ನನ್ನು ತಡೆದು ಕೇಳಿದರು. ಇಂತಹ ಮೊತ್ತವೊಂದು ಹಲವು ವರ್ಷಗಳಿಗೊಮ್ಮೆ ಕೈಗೆ ಬರುವ ಮನೆಗಳೇ ನಮ್ಮಲ್ಲಿ ಹೆಚ್ಚು. ಕಂಪ್ಯೂಟರು ನೂರು ಕೆಲಸ ಮಾಡುತ್ತದೆ. ಪೆಟ್ಟಿಗೆಯಾದರೋ ಬಹುಮಟ್ಟಿಗೆ ಆಟವೊಂದನ್ನೇ ಆಡಿಸುತ್ತದೆ. ಹೀಗಿರಲು ಲೋಕದ ಕೋಟ್ಯಂತರ ಆಟಗಾರರು ಪೆಟ್ಟಿಗೆಯನ್ನೇ ಏಕೆ ಆರಿಸಿಕೊಳ್ಳುತ್ತಾರೆ? ಹುಡುಗರ ಹಟವೆಂದು ತಳ್ಳಿಹಾಕದೆ ಇದನ್ನು ವಿಚಾರಿಸಿ ನೋಡುವುದು ಯೋಗ್ಯ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಇವೆರಡೂ ಬೇರೆ ಬೇರೆ ಜಾತಿಯ ಯಂತ್ರಗಳೆಂದು ವಿದ್ಯಾರ್ಥಿಗಳು ತಿಳಿದಿರುವಂತೆ ತೋರುತ್ತದೆ. ಅದು ಸರಿಯಲ್ಲ. ೨೦೧೩ರಲ್ಲಿ ಬಂದ ಪ್ಲೇಸ್ಟೇಷನ್ ೪ ಮತ್ತು ಎಕ್ಸ್‌ಬಾಕ್ಸ್ ಒನ್, ೨೦೨೦ರಲ್ಲಿ ಬಂದ ಪ್ಲೇಸ್ಟೇಷನ್ ೫ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಇವುಗಳೊಳಗಿನ ಮುಖ್ಯ ಚಿಪ್ಪುಗಳು ಎ.ಎಂ.ಡಿ. ಎಂಬ ಕಂಪೆನಿಯವು. ಮೇಜಿನ ಮೇಲಿನ ಕಂಪ್ಯೂಟರುಗಳಿಗೂ ಅದೇ ಕಂಪೆನಿಯು ಅದೇ ವಂಶದ ಚಿಪ್ಪುಗಳನ್ನು ಒದಗಿಸುತ್ತದೆ. ೨೦೧೭ರ ನಿಂಟೆಂಡೊ ಸ್ವಿಚ್ಚಿನ ಚಿಪ್ಪಾದರೋ ನಮ್ಮ ಮೊಬೈಲ್ ಫೋನುಗಳ ಚಿಪ್ಪಿನ ದಾಯಾದಿ. ಲೆಕ್ಕ ಮಾಡುವ ಭಾಗ, ಚಿತ್ರ ಬಿಡಿಸುವ ಭಾಗ, ಜ್ಞಾಪಕದ ಭಾಗ ಎಲ್ಲವೂ ಎರಡರಲ್ಲಿಯೂ ಉಂಟು. ವ್ಯತ್ಯಾಸವಿರುವುದು ಕಟ್ಟಳೆಯಲ್ಲಿ. ಹಾರ್ಮೋನಿಯಮ್ಮಿನ ಮುಂದೆ ಕುಳಿತವನು ಶ್ರುತಿ ಮಾಡಬೇಕಾಗಿಲ್ಲ. ತಯಾರಿಸಿದವನೇ ಸ್ವರಗಳನ್ನು ನಿಲ್ಲಿಸಿ ಕಳುಹಿಸಿರುತ್ತಾನೆ, ತಿದಿಯೊತ್ತಿ ಬೆರಳಿಟ್ಟರೆ ನಾದ ಹೊರಡುತ್ತದೆ. ವೀಣೆಯಾದರೆ ಬಿರಡೆ ತಿರುಗಿಸಬೇಕು, ತಂತಿ ಬಿಗಿಯಬೇಕು, ಮೇಣ ಸಡಿಲವಾದರೆ ಮೆಟ್ಟುಗಳನ್ನು ಮತ್ತೆ ಕೂರಿಸಬೇಕು. ಆದರೆ ಗಮಕ ಬೇಕೆಂದವನು ವೀಣೆಗೇ ಬರಬೇಕು. ಕನ್ಸೋಲು ಹಾರ್ಮೋನಿಯಮ್ಮಿನ ಕಡೆಯದು, ಕಂಪ್ಯೂಟರು ವೀಣೆಯ ಕಡೆಯದು ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ.

ಈ ಕಟ್ಟಳೆಯು ಹುಟ್ಟಿನಿಂದಲೇ ಬಂದುದು. ಆಟಗಳು ಮೊದಲು ಕಾಣಿಸಿಕೊಂಡುದು ಕಂಪ್ಯೂಟರಿನಲ್ಲಿಯೇ. ೧೯೬೨ರಲ್ಲಿ ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ತರುಣರು ‘ಸ್ಪೇಸ್‌ವಾರ್’ ಎಂಬ ಆಟವನ್ನು ಬರೆದರು. ಎರಡು ಆಕಾಶನೌಕೆಗಳು ಒಂದು ನಕ್ಷತ್ರದ ಸುತ್ತ ಸುಳಿದಾಡುತ್ತ ಪರಸ್ಪರ ಹೊಡೆದಾಡುವ ಆಟವದು. ಆದರೆ ಅದನ್ನು ಆಡುವುದಕ್ಕೆ ಹಲವು ಬೀರುಗಳಷ್ಟು ದೊಡ್ಡದಾದ, ಲಕ್ಷ ಡಾಲರಿಗೂ ಮೀರಿ ಬೆಲೆಬಾಳುವ ಪಿ.ಡಿ.ಪಿ.-೧ ಎಂಬ ಯಂತ್ರವು ಬೇಕಾಗಿತ್ತು. ಯಾವ ಗೃಹಸ್ಥನು ಅದನ್ನು ಮನೆಗೆ ತಂದಾನು? ೧೯೬೬ರಲ್ಲಿ ರಾಲ್ಫ್ ಬೇರ್ ಎಂಬ ಎಂಜಿನಿಯರನು ಇನ್ನೊಂದು ದಿಕ್ಕಿನಿಂದ ಯೋಚಿಸಿದನು. ಈತನು ೧೯೨೨ರಲ್ಲಿ ಜರ್ಮನಿಯಲ್ಲಿ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ೧೯೩೮ರಲ್ಲಿ ನಾಜಿಗಳ ಹಿಂಸೆಯಿಂದ ಪಾರಾಗಿ ಅಮೆರಿಕಕ್ಕೆ ಬಂದವನು. ಕಲಿತದ್ದು ಟೆಲಿವಿಷನ್ ವಿದ್ಯೆಯನ್ನು. ಕೋಟ್ಯಂತರ ಮನೆಗಳಲ್ಲಿ ಟೆಲಿವಿಷನ್ನು ಈಗಾಗಲೇ ಕುಳಿತಿದೆ, ಜನರು ಅದನ್ನು ಸುಮ್ಮನೆ ನೋಡುತ್ತಾರೆ. ಅದರೊಡನೆ ಆಡುವಂತೆ ಮಾಡಿದರೆ ಹೇಗೆ ಎಂಬುದು ಅವನ ಆಲೋಚನೆ. ಅದರ ಫಲವಾಗಿ ೧೯೭೨ರಲ್ಲಿ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಮೊದಲನೆಯ ಕನ್ಸೋಲು ಮಾರಾಟಕ್ಕೆ ಬಂದಿತು.

ಈ ಒಡಿಸ್ಸಿಯ ವಿಚಾರ ಕೇಳಿದರೆ ಇಂದಿನ ಹುಡುಗರು ನಗಬಹುದು. ಅದರಲ್ಲಿ ಕಂಪ್ಯೂಟರೇ ಇರಲಿಲ್ಲ. ಕೆಲವು ಟ್ರಾನ್ಸಿಸ್ಟರುಗಳೂ ಡಯೋಡುಗಳೂ ಮಾತ್ರ ಇದ್ದುವು. ತೆರೆಯ ಮೇಲೆ ಕೆಲವು ಬಿಳಿಯ ಚುಕ್ಕೆಗಳೂ ಒಂದು ಗೆರೆಯೂ ಚಲಿಸುತ್ತಿದ್ದುವು. ಟೆನಿಸ್ ಅಂಗಣವಾಗಲಿ ಹಾಕಿ ಮೈದಾನವಾಗಲಿ ಬೇಕಾದರೆ, ಬಣ್ಣದಲ್ಲಿ ಮುದ್ರಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಟೆಲಿವಿಷನ್ನಿನ ಗಾಜಿನ ಮೇಲೆ ಅಂಟಿಸಬೇಕಾಗಿತ್ತು. ಸದ್ದು ಇಲ್ಲ. ಅಂಕಗಳನ್ನು ಯಂತ್ರವು ಲೆಕ್ಕವಿಡದು. ಆಡುವವರೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಪೆಟ್ಟಿಗೆಯ ಜೊತೆಗೆ ದಾಳಗಳನ್ನೂ ಆಟದ ನೋಟುಗಳನ್ನೂ ಇಟ್ಟು ಕೊಡುತ್ತಿದ್ದರು. ಪಗಡೆಯ ಹಾಸನ್ನು ಟೆಲಿವಿಷನ್ನಿನ ಮೇಲೆ ಬಿಚ್ಚಿ ನಿಲ್ಲಿಸಿದಂತೆಯೇ ಸರಿ! ಆದರೆ ಲಕ್ಷಿಸಬೇಕಾದ ಸಂಗತಿಯೊಂದುಂಟು. ಕನ್ಸೋಲು ಎಂಬುದು ಕಂಪ್ಯೂಟರನ್ನು ಕುಗ್ಗಿಸಿ ಮಾಡಿದ ವಸ್ತುವಾಗಿ ಹುಟ್ಟಲಿಲ್ಲ. ಮನೆಯ ಚಾವಡಿಯಲ್ಲಿ ನಾಲ್ಕು ಜನರು ಕೂಡಿ ಆಡುವ ಆಟದ ಸಾಮಾನಾಗಿ ಅದು ಹುಟ್ಟಿತು. ಕಂಪ್ಯೂಟರು ಅದರೊಳಗೆ ಸೇರಿಕೊಂಡುದು ಆಮೇಲೆ.

ಆ ಹುಟ್ಟುಗುಣವು ಇಂದಿಗೂ ಬಿಟ್ಟಿಲ್ಲ. ಕಂಪ್ಯೂಟರಿನ ಮುಂದೆ ಒಬ್ಬನೇ ಕುಳಿತುಕೊಳ್ಳುತ್ತಾನೆ. ಬೆನ್ನು ಬಾಗಿಸಿ, ಕೀಲಿಮಣೆಯ ಮೇಲೆ ಎಡಗೈಯನ್ನೂ ಮೌಸಿನ ಮೇಲೆ ಬಲಗೈಯನ್ನೂ ಇಟ್ಟುಕೊಂಡು ತೆರೆಗೆ ಒಂದು ಮೊಳ ದೂರದಲ್ಲಿರುತ್ತಾನೆ. ಕನ್ಸೋಲಿನವನು ಕಂಟ್ರೋಲರನ್ನು ಎರಡು ಕೈಗಳಲ್ಲಿ ಹಿಡಿದು ಗೋಡೆಗೆ ಒರಗಿ ಕೂಡಬಹುದು. ಪಕ್ಕದಲ್ಲಿ ತಂಗಿಯೂ ಇನ್ನೊಂದನ್ನು ಹಿಡಿದು ಕುಳಿತಿರಬಹುದು. ಅಜ್ಜನು ಹಿಂದಿನಿಂದ ನೋಡುತ್ತಿರಬಹುದು. ೨೦೦೬ರಲ್ಲಿ ನಿಂಟೆಂಡೊ ಕಂಪೆನಿಯು ‘ವೀ’ ಎಂಬ ಪೆಟ್ಟಿಗೆಯನ್ನು ತಂದಾಗ ಗುಂಡಿಗಳನ್ನು ಕಲಿಯುವ ತೊಡಕನ್ನೂ ಬಹುಮಟ್ಟಿಗೆ ಕಳೆದುಬಿಟ್ಟಿತು. ಕೈಯಲ್ಲಿ ಹಿಡಿದ ಕೋಲನ್ನು ಬೀಸಿದರೆ ತೆರೆಯ ಮೇಲೆ ಟೆನಿಸ್ ಬ್ಯಾಟು ಬೀಸುತ್ತಿತ್ತು. ವಿದೇಶಗಳ ವೃದ್ಧಾಶ್ರಮಗಳಲ್ಲಿ ಮುದುಕರು ಅದರಲ್ಲಿ ಬೌಲಿಂಗ್ ಆಡಿದರು. ಹತ್ತು ಕೋಟಿಗೂ ಮಿಕ್ಕಿ ಆ ಪೆಟ್ಟಿಗೆಗಳು ಮಾರಾಟವಾದುವು. ಅದೇ ಕಾಲದ ಬೇರೆ ಪೆಟ್ಟಿಗೆಗಳಿಗಿಂತ ಅದರ ಶಕ್ತಿಯು ಬಹಳ ಕಡಿಮೆಯಾಗಿತ್ತು ಎಂಬುದನ್ನು, ಯಂತ್ರಗಳ ಬಲಾಬಲವನ್ನೇ ಎಣಿಸುತ್ತ ಕೂಡುವ ನಮ್ಮ ಜಗಲಿಯ ಪಂಡಿತರು ನೆನಪಿಡತಕ್ಕದ್ದು.

ದೊಡ್ಡವರ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಈ ಕಾಲದಲ್ಲಿ ಬಹು ಮಂದಿಯ ಉದ್ಯೋಗವೇ ಕಂಪ್ಯೂಟರಿನ ಮುಂದೆ. ಎಂಟು ಗಂಟೆಗಳ ಕಾಲ ಒಂದು ಮೇಜಿನ ಮುಂದೆ ಕುಳಿತು ಬಂದವನಿಗೆ, ಬಿಡುವಿನ ವೇಳೆಯಲ್ಲಿ ಅಂತಹದೇ ಮೇಜಿನ ಮುಂದೆ ಮತ್ತೆ ಕೂಡುವುದು ವಿಶ್ರಾಂತಿಯೆನಿಸದು. ಎದುರಿನ ತೆರೆಯಲ್ಲಿ ಕಚೇರಿಯ ಪತ್ರಗಳು ಇಣುಕುತ್ತಲೇ ಇರುತ್ತವೆ. ಪೆಟ್ಟಿಗೆಯಲ್ಲಿ ಆ ಕಾಟವಿಲ್ಲ. ಅದು ಆಟವಲ್ಲದೆ ಬೇರೆ ಕೆಲಸಕ್ಕೆ ಬಾರದೆಂಬುದನ್ನು ನಾವು ಕೊರತೆಯೆಂದು ತಿಳಿಯುತ್ತೇವೆ. ಆಡುವವರಲ್ಲಿ ಅನೇಕರು ಅದನ್ನೇ ಗುಣವೆಂದು ಎಣಿಸುತ್ತಾರೆ.

ಇನ್ನು ಎಲ್ಲಕ್ಕಿಂತ ಬಲವಾದ ಕಾರಣಕ್ಕೆ ಬರೋಣ. ಅದು ನಿಶ್ಚಿತತೆ. ಪ್ಲೇಸ್ಟೇಷನ್ ೫ ಎಂದು ಬರೆದ ಡಿಸ್ಕನ್ನು ಕಾಸರಗೋಡಿನಲ್ಲಿ ಹಾಕಿದರೂ ಕ್ಯೋಟೊದಲ್ಲಿ ಹಾಕಿದರೂ ಒಳಗಿರುವ ಯಂತ್ರವು ಒಂದೇ. ಆಟವನ್ನು ರಚಿಸುವವರಿಗೆ ಆ ಯಂತ್ರದ ಅಳತೆ ಮೊದಲೇ ತಿಳಿದಿರುತ್ತದೆ. ಹೇಳಿ ಹೊಲಿಸಿದ ಅಂಗಿಯಂತೆ ಆಟವನ್ನು ಅದಕ್ಕೆ ಒಪ್ಪಿಸುತ್ತಾರೆ. ಕಂಪ್ಯೂಟರುಗಳಾದರೋ ಒಂದರಂತೆ ಇನ್ನೊಂದಿಲ್ಲ. ಒಬ್ಬನಲ್ಲಿರುವ ಗ್ರಾಫಿಕ್ಸ್ ಕಾರ್ಡು ಇನ್ನೊಬ್ಬನಲ್ಲಿಲ್ಲ. ಒಬ್ಬನ ಜ್ಞಾಪಕಶಕ್ತಿ ೮ ಗಿಗಾಬೈಟ್, ಇನ್ನೊಬ್ಬನದು ೩೨. ಆದುದರಿಂದ ಪ್ರತಿಯೊಂದು ಆಟದ ಜೊತೆಗೂ ‘ಕನಿಷ್ಠ ಇಷ್ಟು ಬೇಕು’ ಎಂಬ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಓದಿ ತನ್ನ ಯಂತ್ರದೊಡನೆ ಹೋಲಿಸುವುದು ಎಲ್ಲ ತಾಯಂದಿರಿಗೂ ಆಗುವ ಕೆಲಸವಲ್ಲ. ನಿಜ ಹೇಳಬೇಕೆಂದರೆ ಎಲ್ಲ ಮುಖ್ಯೋಪಾಧ್ಯಾಯರಿಗೂ ಅಲ್ಲ.

೧೯೯೦ರ ಸುಮಾರಿನಲ್ಲಿ ಈ ತೊಡಕು ಇನ್ನೂ ಘೋರವಾಗಿತ್ತು. ಆಗಿನ ಕಂಪ್ಯೂಟರುಗಳಲ್ಲಿ ಆಟದ ಸದ್ದು ಕೇಳಬೇಕಾದರೆ ಸೌಂಡ್ ಕಾರ್ಡು ಎಂಬುದನ್ನು ಬೇರೆಯಾಗಿ ಕೂರಿಸಿ, ಅದಕ್ಕೆ ಗೊತ್ತುಮಾಡಿದ ಸಂಖ್ಯೆಗಳನ್ನು ಆಟಕ್ಕೂ ತಿಳಿಸಿಕೊಡಬೇಕಾಗಿತ್ತು. ಸಂಖ್ಯೆ ತಪ್ಪಿದರೆ ಆಟವು ಮೂಕವಾಗುತ್ತಿತ್ತು, ಇಲ್ಲವೆ ಯಂತ್ರವೇ ಸ್ತಬ್ಧವಾಗುತ್ತಿತ್ತು. ಮೊದಲಿನ ೬೪೦ ಕಿಲೊಬೈಟ್ ಜ್ಞಾಪಕದಲ್ಲಿ ಆಟಕ್ಕೆ ಸ್ಥಳ ಮಾಡಿಕೊಡಲು ಉಳಿದ ತಂತ್ರಾಂಶಗಳನ್ನು ಒಂದೊಂದಾಗಿ ಹೊರಗಟ್ಟಬೇಕಾಗಿತ್ತು. ಅದೇ ವರ್ಷಗಳಲ್ಲಿ ನಿಂಟೆಂಡೊ ಪೆಟ್ಟಿಗೆಯ ಒಡೆಯನು ಕಾರ್ಟ್ರಿಡ್ಜನ್ನು ಒತ್ತಿ ಗುಂಡಿ ಅದುಮಿದರೆ ಸಾಕು, ಆಟ ಪ್ರಾರಂಭ. ಈಗ ಕಂಪ್ಯೂಟರುಗಳು ಎಷ್ಟೋ ಸುಧಾರಿಸಿವೆ. ಹಾಗಿದ್ದರೂ ಡ್ರೈವರ್ ಎಂಬ ತಂತ್ರಾಂಶಗಳ ತಕರಾರು, ಚಿತ್ರದ ಹೊಂದಾಣಿಕೆಗಳ ಉದ್ದನೆಯ ಪಟ್ಟಿ ಇವು ಉಳಿದೇ ಇವೆ. ‘ದಿ ಲಾಸ್ಟ್ ಆಫ್ ಅಸ್’ ಎಂಬ ಪ್ರಸಿದ್ಧ ಆಟದ ಹೊಸ ರೂಪವು ೨೦೨೨ರಲ್ಲಿ ಪ್ಲೇಸ್ಟೇಷನ್ ೫ರಲ್ಲಿ ಸುಗಮವಾಗಿ ನಡೆಯಿತು. ೨೦೨೩ರ ಮಾರ್ಚಿನಲ್ಲಿ ಕಂಪ್ಯೂಟರಿಗೆ ಬಂದಾಗ ಮುಗ್ಗರಿಸಿತು, ನಡುವೆ ನಿಂತಿತು. ಸರಿಪಡಿಸುವಷ್ಟರಲ್ಲಿ ಹಣ ಕೊಟ್ಟವರು ಬೇಸತ್ತರು.

ಹಾಗೆಂದು ಪೆಟ್ಟಿಗೆಯ ನಿಶ್ಚಿತತೆಯು ಬ್ರಹ್ಮಲಿಖಿತವೇನೂ ಅಲ್ಲ. ೨೦೨೦ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ ೨೦೭೭’ ಎಂಬ ಆಟವು ಹಳೆಯ ಪ್ಲೇಸ್ಟೇಷನ್ ೪ರಲ್ಲಿ ಎಷ್ಟು ಕೆಟ್ಟದಾಗಿ ನಡೆಯಿತೆಂದರೆ, ಸೋನಿ ಕಂಪೆನಿಯು ಅದನ್ನು ತನ್ನ ಮಳಿಗೆಯಿಂದಲೇ ತೆಗೆದುಹಾಕಿ, ಕೊಂಡವರಿಗೆ ಹಣ ಹಿಂದಿರುಗಿಸಲು ಒಪ್ಪಬೇಕಾಯಿತು. ೨೦೨೧ರ ಜೂನಿನವರೆಗೆ ಅದು ಅಲ್ಲಿಗೆ ಮರಳಲಿಲ್ಲ. ಒಳ್ಳೆಯ ಕಂಪ್ಯೂಟರುಳ್ಳವರು ಅದೇ ಆಟವನ್ನು ಆ ದಿನಗಳಲ್ಲಿಯೇ ಅಷ್ಟೊಂದು ತೊಂದರೆಯಿಲ್ಲದೆ ಆಡಿದರು.

ಬೆಲೆಯ ವಿಚಾರವು ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಹಿಂದೆ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯು ಚೀನಾ ದೇಶದಲ್ಲಿ ಸೀಮೆಎಣ್ಣೆಯ ದೀಪಗಳನ್ನು ತೀರ ಅಗ್ಗವಾಗಿ ಹರಡಿತು. ದೀಪ ಮನೆ ಸೇರಿದ ಮೇಲೆ ಎಣ್ಣೆ ಕೊಳ್ಳದೆ ಗತಿಯಿಲ್ಲವಲ್ಲ! ಕನ್ಸೋಲುಗಳ ವ್ಯಾಪಾರವೂ ಇದೇ ನಮೂನೆಯದು. ೨೦೦೬ರಲ್ಲಿ ಪ್ಲೇಸ್ಟೇಷನ್ ೩ರ ದೊಡ್ಡ ಮಾದರಿಗೆ ೫೯೯ ಡಾಲರು ಬೆಲೆಯಿಟ್ಟಾಗ ಜನರು ದುಬಾರಿಯೆಂದು ಗೊಣಗಿದರು. ಸೋನಿಯಾದರೋ ಅದನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಗೆ ಮಾರುತ್ತಿತ್ತು. ನಷ್ಟವು ಎಲ್ಲಿಂದ ತುಂಬಬೇಕು? ಆ ಪೆಟ್ಟಿಗೆಗೆ ಬೇರೆಯವರು ಮಾರುವ ಪ್ರತಿಯೊಂದು ಆಟದಲ್ಲಿಯೂ ಪೆಟ್ಟಿಗೆಯ ಕಂಪೆನಿಗೆ ಒಂದು ಪಾಲು ಸಲ್ಲುತ್ತದೆ. ಅದೇ ಎಣ್ಣೆ. ಕಂಪ್ಯೂಟರಿನ ಬಿಡಿಭಾಗಗಳನ್ನು ಮಾರುವವನಿಗೆ ಆಟದಲ್ಲಿ ಪಾಲಿಲ್ಲವಾದ್ದರಿಂದ ಅವನು ತನ್ನ ಲಾಭವನ್ನು ಮೊದಲೇ ತೆಗೆದುಕೊಳ್ಳುತ್ತಾನೆ. ಆದಕಾರಣ ಆಟಕ್ಕೆ ತಕ್ಕ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೇ ಅನೇಕ ವೇಳೆ ಇಡಿಯ ಪೆಟ್ಟಿಗೆಯ ಬೆಲೆಯಾಗುತ್ತದೆ. ಮೊದಲ ದಿನ ಕೈಬಿಡುವ ಹಣವನ್ನೇ ನೋಡುವವನಿಗೆ ಪೆಟ್ಟಿಗೆಯು ಅಗ್ಗವೆಂದು ತೋರಲು ಇದೇ ಕಾರಣ.

ಆದರೆ ಲೆಕ್ಕವನ್ನು ಐದು ವರ್ಷಗಳವರೆಗೆ ಎಳೆದು ನೋಡಬೇಕು. ೨೦೨೦ರಿಂದೀಚೆಗೆ ಪೆಟ್ಟಿಗೆಗಳ ಅನೇಕ ದೊಡ್ಡ ಆಟಗಳ ಬೆಲೆಯು ಅಮೆರಿಕದಲ್ಲಿ ೬೦ ಡಾಲರಿನಿಂದ ೭೦ಕ್ಕೆ ಏರಿತು. ೨೦೧೩ರಲ್ಲಿ ಪ್ಲೇಸ್ಟೇಷನ್ ೪ ಬಂದಂದಿನಿಂದ, ಬಿಟ್ಟಿಯಾಗಿ ಸಿಗುವ ಆಟಗಳನ್ನುಳಿದು ಬಹುತೇಕ ಆಟಗಳನ್ನು ಅಂತರ್ಜಾಲದ ಮೂಲಕ ಇತರರೊಡನೆ ಆಡಬೇಕಾದರೆ ಸೋನಿಗೆ ಚಂದಾ ಕಟ್ಟಬೇಕು. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅಂತಹ ಚಂದಾ ಇಲ್ಲ. ಅಲ್ಲದೆ ೨೦೦೩ರಲ್ಲಿ ಆರಂಭವಾದ ಸ್ಟೀಮ್ ಎಂಬ ಮಳಿಗೆಯಲ್ಲಿ ಹಳೆಯ ಆಟಗಳು ವರ್ಷದಲ್ಲಿ ಹಲವು ಸಲ ಕಾಲು ಬೆಲೆಗೆ, ಅದಕ್ಕೂ ಕಡಿಮೆಗೆ ದೊರೆಯುತ್ತವೆ. ಹಿಂದೆ ಪೆಟ್ಟಿಗೆಗಳ ಬೆಲೆಯು ವರ್ಷ ಕಳೆದಂತೆ ಇಳಿಯುವುದು ವಾಡಿಕೆಯಾಗಿತ್ತು. ಅದೂ ಈಗ ತಪ್ಪಿದೆ. ಪ್ಲೇಸ್ಟೇಷನ್ ೫ ನಮ್ಮ ದೇಶಕ್ಕೆ ೨೦೨೧ರ ಫೆಬ್ರವರಿಯಲ್ಲಿ ೪೯,೯೯೦ ರೂಪಾಯಿಗೆ ಬಂದುದು ೨೦೨೨ರಲ್ಲಿ ೫೪,೯೯೦ಕ್ಕೆ ಏರಿತು. ಅಮೆರಿಕದಲ್ಲಿ ೫೦೦ ಡಾಲರಿದ್ದುದು ೨೦೨೫ರ ಆಗಸ್ಟಿನಲ್ಲಿ ೫೫೦ ಆಯಿತು. ದೀಪವು ಅಗ್ಗವೆಂಬ ಮಾತು ಹಿಂದಿನಷ್ಟು ನಿಜವಾಗಿ ಉಳಿದಿಲ್ಲ.

ಪೆಟ್ಟಿಗೆಯು ಬೀಗ ಹಾಕಿದ ಮನೆಯೆಂಬುದನ್ನು ಇಲ್ಲಿ ಹೇಳಬೇಕು. ಕಂಪೆನಿಯ ಒಪ್ಪಿಗೆಯಿಲ್ಲದ ಯಾವ ಆಟವೂ ಅದರಲ್ಲಿ ನಡೆಯದು. ಈ ಬೀಗವು ಬಂದ ಕಥೆಯು ಸ್ವಾರಸ್ಯವಾಗಿದೆ. ೧೯೭೭ರಲ್ಲಿ ಅಟಾರಿ ಕಂಪೆನಿಯು ಹೊರತಂದ ಪೆಟ್ಟಿಗೆಗೆ ಬೀಗವಿರಲಿಲ್ಲ. ಯಾರು ಬೇಕಾದರೂ ಅದಕ್ಕೆ ಆಟಗಳನ್ನು ಮಾಡಿ ಮಾರಬಹುದಾಗಿತ್ತು, ಮಾರಿದರು ಕೂಡ. ೧೯೮೨ರ ಹೊತ್ತಿಗೆ ಅಂಗಡಿಗಳಲ್ಲಿ ಕಳಪೆ ಆಟಗಳ ರಾಶಿ ಬಿದ್ದಿತು. ಅಟಾರಿಯೇ ಒಂದು ಚಲಚ್ಚಿತ್ರದ ಹೆಸರನ್ನು ಹೆಚ್ಚು ಹಣ ಕೊಟ್ಟು ಪಡೆದು, ‘ಇ.ಟಿ.’ ಎಂಬ ಆಟವನ್ನು ಕ್ರಿಸ್ಮಸಿಗೆ ಮುಟ್ಟಿಸುವ ಆತುರದಲ್ಲಿ ಸುಮಾರು ಐದು ವಾರಗಳಲ್ಲಿ ಬರೆಸಿತು. ಕೊಂಡವರು ಹಿಂದಕ್ಕೆ ಕೊಟ್ಟರು. ಜನರಿಗೆ ಆಟದ ಮೇಲಿನ ನಂಬಿಕೆಯೇ ಹೋಯಿತು. ಅಮೆರಿಕದಲ್ಲಿ ಸುಮಾರು ೩೦೦ ಕೋಟಿ ಡಾಲರುಗಳ ಈ ವ್ಯಾಪಾರವು ೧೯೮೫ರ ಹೊತ್ತಿಗೆ ಸುಮಾರು ೧೦ ಕೋಟಿಗೆ ಕುಸಿಯಿತು. ಮಾರಾಟವಾಗದ ಸರಕನ್ನು ಅಟಾರಿಯು ೧೯೮೩ರಲ್ಲಿ ನ್ಯೂ ಮೆಕ್ಸಿಕೊ ಪ್ರಾಂತದ ಅಲಮೊಗೊರ್ಡೊ ಎಂಬಲ್ಲಿ ಲಾರಿಗಳಲ್ಲಿ ತಂದು ಮಣ್ಣಿನಲ್ಲಿ ಹೂಳಿಸಿತು. ಬಹುಕಾಲ ಇದನ್ನು ಕಟ್ಟುಕಥೆಯೆಂದವರೂ ಇದ್ದರು. ೨೦೧೪ರಲ್ಲಿ ಅಗೆದು ನೋಡಿದಾಗ ಕಾರ್ಟ್ರಿಡ್ಜುಗಳು ಹೊರಬಂದುವು.

ಈ ಬೂದಿಯ ಮೇಲೆ ನಿಂಟೆಂಡೊ ಬಂದಿತು. ೧೮೮೯ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಇಸ್ಪೀಟಿನಂತಹ ಹೂವಿನ ಎಲೆಗಳನ್ನು ತಯಾರಿಸಲು ಹುಟ್ಟಿದ ಕಂಪೆನಿಯದು. ೧೯೮೫ರಲ್ಲಿ ಅಮೆರಿಕದಲ್ಲಿ ತನ್ನ ಪೆಟ್ಟಿಗೆಯನ್ನು ಮಾರತೊಡಗಿದಾಗ ಅದು ಒಳಗೊಂದು ಚಿಪ್ಪನ್ನು ಇಟ್ಟಿತು. ಕಾರ್ಟ್ರಿಡ್ಜಿನಲ್ಲಿ ಅದಕ್ಕೆ ಜೋಡಿಯಾದ ಇನ್ನೊಂದು ಚಿಪ್ಪಿಲ್ಲದಿದ್ದರೆ ಯಂತ್ರವು ನಡೆಯುತ್ತಿರಲಿಲ್ಲ. ಕಾರ್ಟ್ರಿಡ್ಜುಗಳನ್ನು ನಿಂಟೆಂಡೊ ತಾನೇ ತಯಾರಿಸಿ ಕೊಡುತ್ತಿತ್ತು. ಹೊರಗಿನ ಒಂದು ಕಂಪೆನಿಯು ವರ್ಷಕ್ಕೆ ಐದು ಆಟಗಳಿಗಿಂತ ಹೆಚ್ಚು ತರಬಾರದೆಂದು ಕಟ್ಟುಮಾಡಿತು. ಸ್ವಾತಂತ್ರ್ಯವನ್ನು ಇಷ್ಟು ಬಿಗಿಯಾಗಿ ಕಟ್ಟಿಹಾಕಿದರೂ ಜನರು ಅದನ್ನು ಬಯಸಿ ಕೊಂಡರು. ಕೆಟ್ಟ ಸರಕಿನಿಂದ ಒಮ್ಮೆ ಮೋಸಹೋದವರಿಗೆ ಬೀಗವು ಸೆರೆಯಾಗಿ ತೋರಲಿಲ್ಲ, ಕಾವಲಾಗಿ ತೋರಿತು. ಇಂದಿಗೂ ಹೆತ್ತವರಲ್ಲಿ ಹಲವರು ಪೆಟ್ಟಿಗೆಯ ಪಕ್ಷವಹಿಸುವುದು ಇದಕ್ಕಾಗಿಯೇ. ಅದರಲ್ಲಿ ವೈರಸ್ಸಿನ ಭಯ ಬಹಳ ಕಡಿಮೆ. ಆಟದ ಡಬ್ಬದ ಮೇಲೆ ೩, ೭, ೧೨, ೧೬, ೧೮ ಎಂದು ವಯಸ್ಸಿನ ಗುರುತುಗಳು ಕೆಲವು ದೇಶಗಳ ಸರಕಿನಲ್ಲಿ ಇರುತ್ತವೆ; ಹನ್ನೆರಡಕ್ಕೆ ಮೇಲ್ಪಟ್ಟುದು ಬೇಡವೆಂದು ತಾಯಿಯು ಒಮ್ಮೆ ಗೊತ್ತುಮಾಡಿಟ್ಟರೆ ಪೆಟ್ಟಿಗೆಯು ಪಾಲಿಸುತ್ತದೆ. ದಿನಕ್ಕೆ ಎಷ್ಟು ಹೊತ್ತು ಎಂಬುದನ್ನೂ ಕಟ್ಟುಮಾಡಬಹುದು. ಕಂಪ್ಯೂಟರಿನಲ್ಲಿಯೂ ಇಂತಹ ಏರ್ಪಾಡುಗಳಿವೆ. ಆದರೆ ಬುದ್ಧಿವಂತನಾದ ಹುಡುಗನು ಅಲ್ಲಿ ಹಿಂಬಾಗಿಲುಗಳನ್ನು ಬೇಗ ಕಂಡುಹಿಡಿಯುತ್ತಾನೆ. ಯಾವ ಹುಡುಗರೆಂದು ಇಲ್ಲಿ ಬರೆಯುವುದಿಲ್ಲ.

ಕೆಲವು ಆಟಗಳು ಒಂದು ಪೆಟ್ಟಿಗೆಯಲ್ಲಿ ಮಾತ್ರ ಸಿಗುತ್ತವೆಂಬುದು ಹುಡುಗರು ಹೇಳುವ ಮೊದಲ ಕಾರಣ. ಮಾರಿಯೊ ಬೇಕೆಂದವನು ನಿಂಟೆಂಡೊ ಪೆಟ್ಟಿಗೆಯನ್ನೇ ಕೊಳ್ಳಬೇಕು. ಇದು ಈಗಲೂ ನಿಜ. ಸೋನಿಯ ವಿಷಯದಲ್ಲಿ ಅಷ್ಟು ನಿಜವಲ್ಲ. ಅದರ ‘ಹೊರೈಜನ್ ಜೀರೊ ಡಾನ್’ ೨೦೧೭ರಲ್ಲಿ ಪೆಟ್ಟಿಗೆಗೆ ಬಂದುದು ೨೦೨೦ರಲ್ಲಿ ಕಂಪ್ಯೂಟರಿಗೂ ಬಂದಿತು. ೨೦೧೮ರ ‘ಗಾಡ್ ಆಫ್ ವಾರ್’ ೨೦೨೨ರಲ್ಲಿ ಬಂದಿತು. ತಾಳ್ಮೆಯುಳ್ಳವನು ಕಾಯಬಹುದು. ಹದಿನಾಲ್ಕು ವರ್ಷದವನಿಗೆ ಮೂರು ನಾಲ್ಕು ವರ್ಷಗಳ ತಾಳ್ಮೆಯನ್ನು ಉಪದೇಶಿಸುವುದು ಮಾತ್ರ ಕಷ್ಟ.

‘ಆಯ್ಕೆ’ ಎಂಬ ಮಾತನ್ನು ಇಷ್ಟು ಹೊತ್ತು ಬಳಸಿದೆವು. ಆದರೆ ಒಂದು ದೇಶದ ಜನರು ಯಾವುದನ್ನು ಆರಿಸಿಕೊಳ್ಳುತ್ತಾರೆಂಬುದು ರುಚಿಯೊಂದರಿಂದಲೇ ನಿರ್ಣಯವಾಗುವುದಿಲ್ಲ. ಚೀನಾ ಸರಕಾರವು ತರುಣರ ಮನಸ್ಸು ಕೆಡುವುದೆಂದು ೨೦೦೦ದಲ್ಲಿ ಕನ್ಸೋಲುಗಳ ಮಾರಾಟವನ್ನು ನಿಷೇಧಿಸಿತು. ತರುಣರು ಆಟ ಬಿಟ್ಟರೇ? ಇಲ್ಲ; ಅಂತರ್ಜಾಲದ ಅಂಗಡಿಗಳಿಗೆ ಹೋಗಿ ಕಂಪ್ಯೂಟರುಗಳ ಮುಂದೆ ಕುಳಿತರು. ನಿಷೇಧವು ೨೦೧೪-೧೫ರಲ್ಲಿ ತೆರವಾಗುವಷ್ಟರಲ್ಲಿ ಒಂದು ಇಡಿಯ ಪೀಳಿಗೆಯು ಕಂಪ್ಯೂಟರಿನ ಆಟಕ್ಕೆ ಒಗ್ಗಿಹೋಗಿತ್ತು. ದಕ್ಷಿಣ ಕೊರಿಯದ ಕಾರಣ ಬೇರೆ. ಅಲ್ಲಿ ಜಪಾನೀ ಸಾಂಸ್ಕೃತಿಕ ಸರಕುಗಳ ಮೇಲೆ ಇದ್ದ ನಿರ್ಬಂಧವು ೧೯೯೮ರಿಂದೀಚೆಗೆ ಮೆಲ್ಲಮೆಲ್ಲನೆ ಸಡಿಲಿತು. ಅದೇ ವರ್ಷ ‘ಸ್ಟಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟವು ಬಂದು, ಗಂಟೆಗಿಷ್ಟು ಎಂದು ಕೊಟ್ಟು ಆಡುವ ‘ಪಿ.ಸಿ. ಬಾಂಗ್’ ಎಂಬ ಅಂಗಡಿಗಳು ಬೀದಿಬೀದಿಯಲ್ಲಿ ಎದ್ದುವು. ನಮ್ಮ ದೇಶದಲ್ಲಿ ೧೯೯೦ರ ದಶಕದಲ್ಲಿ ಬಂದುವು ಬಹುಮಟ್ಟಿಗೆ ನಿಂಟೆಂಡೊವಿನ ಅಗ್ಗದ ನಕಲುಗಳು. ಕಾರ್ಟ್ರಿಡ್ಜನ್ನು ಜನರು ಕ್ಯಾಸೆಟ್ಟು ಎಂದೇ ಕರೆದರು. ಒಂದರಲ್ಲಿ ೯೯೯೯ ಆಟಗಳಿವೆಯೆಂದು ಮೇಲೆ ಬರೆದಿರುತ್ತಿತ್ತು. ಹಾಕಿ ನೋಡಿದರೆ ಹತ್ತಾರು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದುವು. ಈಗ ಭಾರತದಲ್ಲಿ ಆಡುವವರಲ್ಲಿ ಹೆಚ್ಚಿನವರು ಆಡುವುದು ಮೊಬೈಲ್ ಫೋನಿನಲ್ಲಿ. ಕನ್ಸೋಲುಳ್ಳ ಮನೆಗಳು ಕೆಲವೇ. ನಮ್ಮ ಕರಾವಳಿಯಲ್ಲಿ ಅವು ತುಸು ಹೆಚ್ಚಾಗಿ ಕಾಣುವುದಕ್ಕೆ ಗಲ್ಫಿನ ನಂಟಸ್ತಿಕೆಯೇ ಕಾರಣವಿರಬೇಕು.

ಇನ್ನು ಪೆಟ್ಟಿಗೆಯನ್ನು ಆರಿಸಿಕೊಂಡವನು ಬಿಟ್ಟುಕೊಡುವುದೇನೆಂಬುದನ್ನು ವಿದ್ಯಾರ್ಥಿಗಳು ಕಿವಿಗೊಟ್ಟು ಕೇಳಬೇಕು. ಬೀಗದ ಕೈ ತನ್ನಲ್ಲಿಲ್ಲದ ಮನೆಯಲ್ಲಿ ಒಂದು ಮೊಳೆಯನ್ನು ಹೊಡೆಯುವುದಕ್ಕೂ ಅನುಮತಿ ಬೇಕು. ೨೦೨೩ರ ಮಾರ್ಚ್ ೨೭ರಂದು ನಿಂಟೆಂಡೊ ತನ್ನ ಹಳೆಯ ಎರಡು ಯಂತ್ರಗಳ ಮಳಿಗೆಯನ್ನು ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಅಂದಿನಿಂದ ಯಾರೂ ಕೊಳ್ಳುವಂತಿಲ್ಲ. ಕಂಪ್ಯೂಟರಿನ ಆಟವಾದರೆ ಹಳೆಯ ಯಂತ್ರ ಕೆಟ್ಟರೂ ಬಹುಮಟ್ಟಿಗೆ ಹೊಸದರಲ್ಲಿ ನಡೆಯುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕಂಪ್ಯೂಟರಿನಲ್ಲಿ ಆಡುವವನೇ ಆಟವನ್ನು ತಿದ್ದಬಹುದು. ‘ಹಾಫ್-ಲೈಫ್’ ಎಂಬ ಆಟವನ್ನು ಮೆಚ್ಚಿದ ಇಬ್ಬರು ತರುಣರು ೧೯೯೯ರಲ್ಲಿ ಅದನ್ನೇ ಬಿಚ್ಚಿ, ತಿದ್ದಿ, ‘ಕೌಂಟರ್-ಸ್ಟ್ರೈಕ್’ ಎಂಬ ಬೇರೆಯೇ ಆಟವನ್ನು ಮಾಡಿದರು. ಮೂಲ ಆಟವನ್ನು ಮಾಡಿದ ಕಂಪೆನಿಯೇ ಮುಂದೆ ಅದನ್ನು ತನ್ನದಾಗಿಸಿಕೊಂಡು ಪ್ರಕಟಿಸಿತು. ಜಗತ್ತಿನ ಪ್ರಸಿದ್ಧ ಸ್ಪರ್ಧಾ ಆಟಗಳಲ್ಲಿ ಅದೊಂದಾಯಿತು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೀಗೆ ಹುಟ್ಟುವುದು ಬಲು ಅಪರೂಪ.

ಇದು ದೂರದ ಮಾತಲ್ಲ. ಕೇರಳದ ಹೈಸ್ಕೂಲುಗಳಲ್ಲಿ ೨೦೧೮ರಿಂದ ‘ಲಿಟ್ಲ್ ಕೈಟ್ಸ್’ ಎಂಬ ಘಟಕಗಳಿವೆ. ಪಾಠಶಾಲೆಯ ಕಂಪ್ಯೂಟರುಗಳಲ್ಲಿ ಬೀಗವಿಲ್ಲದ ಸ್ವತಂತ್ರ ತಂತ್ರಾಂಶವೇ ನಡೆಯುತ್ತದೆ. ಅಲ್ಲಿ ಮಕ್ಕಳು ‘ಸ್ಕ್ರಾಚ್’ ಎಂಬ ಭಾಷೆಯಲ್ಲಿ ಬೆಕ್ಕನ್ನು ಓಡಿಸುತ್ತಾರೆ, ಚೆಂಡನ್ನು ಪುಟಿಸುತ್ತಾರೆ, ಅಂಕಗಳನ್ನು ಎಣಿಸುತ್ತಾರೆ. ೧೯೭೨ರ ಒಡಿಸ್ಸಿಯು ಅಂಕ ಎಣಿಸಲಾರದೆ ಹೋಯಿತೆಂಬುದನ್ನು ನೆನೆದರೆ ಎಂಟನೆಯ ತರಗತಿಯ ಹುಡುಗಿಯ ಸಾಧನೆ ಎಷ್ಟೆಂದು ತಿಳಿದೀತು. ಆ ಸ್ಕ್ರಾಚ್ ೨೦೦೭ರಲ್ಲಿ ಹೊರಬಂದುದೂ ಎಂ.ಐ.ಟಿ.ಯಿಂದಲೇ, ‘ಸ್ಪೇಸ್‌ವಾರ್’ ಹುಟ್ಟಿದ ಅದೇ ವಿದ್ಯಾಸಂಸ್ಥೆಯಿಂದ.

ಆದುದರಿಂದ ರಕ್ಷಕರಿಗೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮನೆಯಲ್ಲಿ ಎರಡೂ ಇಲ್ಲದೆ, ಒಂದಕ್ಕೆ ಮಾತ್ರ ಹಣವಿದ್ದರೆ ಕಂಪ್ಯೂಟರನ್ನು ಕೊಳ್ಳಿರಿ. ದೊಡ್ಡ ಆಟಗಳನ್ನು ಅದು ಆಡಿಸದೆ ಹೋದರೂ ಚಿಂತೆಯಿಲ್ಲ. ಓದುಬರಹಕ್ಕೆ ತಕ್ಕ ಕಂಪ್ಯೂಟರೊಂದು ಈಗಾಗಲೇ ಇದ್ದರೆ, ಆಟಕ್ಕೆಂದು ಅದಕ್ಕೆ ದುಬಾರಿ ಕಾರ್ಡನ್ನು ತೊಡಿಸುವುದಕ್ಕಿಂತ ಪೆಟ್ಟಿಗೆಯೇ ಮೇಲು. ಓದುವ ಯಂತ್ರವೂ ಆಡುವ ಯಂತ್ರವೂ ಬೇರೆಯಾಗಿದ್ದರೆ ಹುಡುಗನು ಯಾವುದರ ಮುಂದೆ ಕುಳಿತಿದ್ದಾನೆಂಬುದು ಅಡಿಗೆಮನೆಯಿಂದಲೇ ಕಾಣುತ್ತದೆ. ಅದನ್ನು ಚಾವಡಿಯಲ್ಲಿಡಿ, ಮಲಗುವ ಕೋಣೆಯಲ್ಲಿ ಬೇಡ. ಹುಡುಗನಿಗೆ ಆಟವನ್ನು ತಡೆದುಕೊಳ್ಳುವುದೇ ಆಗದೆ, ಊಟ ನಿದ್ದೆ ಓದುಗಳೆಲ್ಲ ಹಿಂದಾಗಿ, ಹಾನಿಯನ್ನು ಕಂಡೂ ಬಿಡಲಾರದ ಸ್ಥಿತಿಯು ಬಹುಕಾಲ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಒಂದು ಕಾಯಿಲೆಯೆಂದೇ ಎಣಿಸಿದೆ; ಆ ಪಟ್ಟಿಯು ೨೦೨೨ರಿಂದ ಜಾರಿಯಲ್ಲಿದೆ. ಆಗ ಬೈಯುವುದರಿಂದ ಪ್ರಯೋಜನವಿಲ್ಲ, ವೈದ್ಯರ ಬಳಿಗೆ ಕರೆದೊಯ್ಯಬೇಕು. ಈ ಮಾತು ಎರಡು ಯಂತ್ರಗಳಿಗೂ ಸಮಾನ, ಫೋನಿಗೂ ಕೂಡ.

ಪೆಟ್ಟಿಗೆಯನ್ನೇ ತರುವುದಾದರೆ ಡಿಸ್ಕು ಹಾಕುವ ಬಾಯಿ ಇರುವ ಮಾದರಿಯನ್ನು ತರಹೇಳಬೇಕು. ಪೆಟ್ಟಿಗೆಯ ಪಕ್ಷದವರಿಗೆ ಬಹುಕಾಲದಿಂದ ಇದ್ದ ಒಂದು ಸೌಕರ್ಯವೆಂದರೆ ಆಟವನ್ನು ಕೈಯಿಂದ ಕೈಗೆ ಕೊಡಬಹುದಾದದ್ದು. ೨೦೧೩ರಲ್ಲಿ ಮೈಕ್ರೊಸಾಫ್ಟ್ ಕಂಪೆನಿಯು ತನ್ನ ಹೊಸ ಎಕ್ಸ್‌ಬಾಕ್ಸಿನಲ್ಲಿ ಡಿಸ್ಕನ್ನು ಇತರರಿಗೆ ಕೊಡುವುದಕ್ಕೆ ಕಟ್ಟುಪಾಡುಗಳಿರುತ್ತವೆ, ಯಂತ್ರವು ದಿನಕ್ಕೊಮ್ಮೆ ಅಂತರ್ಜಾಲವನ್ನು ಮುಟ್ಟಲೇಬೇಕು ಎಂದು ಸಾರಿತು. ಸೋನಿಯವರು ಅದಕ್ಕೆ ಉತ್ತರವಾಗಿ ಕೆಲವೇ ಕ್ಷಣಗಳ ಒಂದು ಚಿತ್ರವನ್ನು ತೋರಿಸಿದರು. ಪ್ಲೇಸ್ಟೇಷನ್ ೪ರ ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ ಎಂಬ ತಲೆಬರಹ. ಒಬ್ಬನು ಡಬ್ಬವನ್ನು ಚಾಚುತ್ತಾನೆ, ಇನ್ನೊಬ್ಬನು ತೆಗೆದುಕೊಳ್ಳುತ್ತಾನೆ, ಅಷ್ಟೇ. ಜನರ ಕೂಗಿಗೆ ಮಣಿದು ಮೈಕ್ರೊಸಾಫ್ಟ್ ಅದೇ ಜೂನ್ ತಿಂಗಳಿನಲ್ಲಿ ಕಟ್ಟುಪಾಡುಗಳನ್ನು ಹಿಂದೆಗೆದುಕೊಂಡಿತು. ಆದರೂ ಕಾಲವು ಆ ಕಡೆಗೇ ಹರಿದಿದೆ. ಕಂಪ್ಯೂಟರಿನ ಆಟಗಳಲ್ಲಿ ಡಿಸ್ಕು ಹೆಚ್ಚುಕಡಿಮೆ ಮಾಯವಾಗಿದೆ. ಪ್ಲೇಸ್ಟೇಷನ್ ೫ಕ್ಕೆ ಮೊದಲಿನಿಂದಲೂ ಬಾಯಿಯಿಲ್ಲದ, ತುಸು ಅಗ್ಗದ ಮಾದರಿಯೊಂದು ಇತ್ತು. ೨೦೨೪ರ ನವೆಂಬರಿನಲ್ಲಿ ಬಂದ ಪ್ರೊ ಮಾದರಿಯಂತೂ ಹೆಚ್ಚಿನ ಬೆಲೆಯದಾದರೂ ಬಾಯಿಯಿಲ್ಲದೆಯೇ ಬರುತ್ತದೆ. ಬೇಕಾದವರು ಬೇರೆ ಹಣ ತೆತ್ತು ಜೋಡಿಸಿಕೊಳ್ಳಬೇಕು. ಬಾಯಿಯಿಲ್ಲದ ಪೆಟ್ಟಿಗೆಯಲ್ಲಿ ಕೊಂಡ ಆಟವು ಕೊಂಡವನ ಖಾತೆಗೆ ಅಂಟಿಕೊಂಡಿರುತ್ತದೆ. ಅದನ್ನು ಮಾರಲಾಗದು, ಗೆಳೆಯನಿಗೆ ಎರವಲು ಕೊಟ್ಟು ಬದಲಿಗೆ ಅವನದನ್ನು ತರಲಾಗದು. ಡಿಸ್ಕಿನ ಆಟವೊಂದು ನಮ್ಮ ಹತ್ತನೆಯ ತರಗತಿಯಲ್ಲಿ ಒಂದು ಬೇಸಗೆ ರಜೆಯೊಳಗೆ ಐದು ಮನೆಗಳನ್ನು ಸುತ್ತಿ ಒಡೆಯನ ಕೈಗೆ ಮರಳಿದ್ದುಂಟು.